ಹುಳ ಬೇರೆ, ಗಿಡ ಬೇರೆ

ಮೊನ್ನೆ ಕೆಳಗಿನ ಬ್ಲಾಕಿನಲ್ಲಿ ಒಂದು ಬೋರರ್ ಗಿಡ ಕಿತ್ತೆವು, ಅಂದರೆ ಕಾಂಡ ಕೊರೆಯುವ ಹುಳ ಹೊಕ್ಕ ಕಾಫಿ ಗಿಡ. ಹದಿನೈದು ವರ್ಷದ ಅರೇಬಿಕಾ. ಎಲೆ ಹಳದಿಗೆ ತಿರುಗಿತ್ತು, ತುದಿ ಬಾಡಿತ್ತು. ಕಾಂಡದ ಮೇಲೆ ಕೈಯಾಡಿಸಿದರೆ ಬಳೆ ತೊಡಿಸಿದ ಹಾಗೆ ಉಬ್ಬು ಸಿಗುತ್ತಿತ್ತು. ಕತ್ತಿಯಲ್ಲಿ ಸೀಳಿದೆವು. ಮೊದಲ ನೋಟಕ್ಕೆ ಒಳಗೆ ಸುರಂಗ ಇರುವುದೇ ಗೊತ್ತಾಗಲ್ಲ. ಹುಳ ಮರ ತಿಂದು ಬಿಟ್ಟ ಪುಡಿಯನ್ನು ತಾನು ಬಂದ ದಾರಿಯಲ್ಲೇ ಗಟ್ಟಿಯಾಗಿ ತುಂಬುತ್ತಾ ಹೋಗಿರುತ್ತದೆ. ಅದೂ ಮರದ ಬಣ್ಣವೇ. ಉಗುರಿನಲ್ಲಿ ಕೆರೆದಾಗ ಮಾತ್ರ ಉದುರುತ್ತದೆ. ಕೆರೆಯುತ್ತಾ ಹೋದರೆ ಕೊನೆಯಲ್ಲಿ ಹುಳ. ಬಿಳಿ ಬಣ್ಣ, ತಲೆ ಕಡೆ ಅಗಲ, ಬಾಲದ ಕಡೆ ಸಣ್ಣ. ಅದಕ್ಕೆ ಕಾಲು ಕೂಡ ಕಾಣಲ್ಲ.

ಪಕ್ಕದಲ್ಲಿ ನಿಂತಿದ್ದ ಚಿಕ್ಕಪ್ಪ, "ಹೊರಗಿಂದ ಏನೂ ಗೊತ್ತಾಗಲ್ಲ ನೋಡು" ಅಂದರು. ಅವರು ಗಿಡದ ಬಗ್ಗೆ ಮಾತ್ರ ಹೇಳಿದ್ದಲ್ಲ ಅಂತ ನನಗೆ ಅನ್ನಿಸಿತು. ಅವತ್ತು ರಾತ್ರಿ ಊಟದ ಮೇಲೆ ಕೇಳಿದೆ, ನಿಮ್ಮ ವಿಷಯ ಬರೀಲಾ ಅಂತ. "ಹೆಸರು ಹಾಕಬೇಡ. ಬಾಕಿ ಎಲ್ಲ ಬರಿ" ಅಂದರು. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಮ್ಮ ಭಾಷೆಯಲ್ಲಿ ಮನಸ್ಸಿಗೂ ಹುಳಕ್ಕೂ ಹಳೆಯ ನಂಟು. ಯಾರೋ ತಲೆಗೆ ಹುಳ ಬಿಟ್ಟರು ಅನ್ನುತ್ತೇವೆ. ಏನೋ ಒಂದು ಒಳಗೇ ಕೊರೀತಿದೆ ಅನ್ನುತ್ತೇವೆ. ಹಲ್ಲು ಕೆಟ್ಟರೆ ಹುಳುಕು ಹಲ್ಲು, ಮನಸ್ಸು ಕೆಟ್ಟರೆ ಅದೂ ಹುಳುಕು. ಹಲ್ಲುನೋವಿಗೆ ಹುಳವೇ ಕಾರಣ ಅಂತ ಬ್ಯಾಬಿಲೋನಿನ ಜನ ಸಾವಿರಾರು ವರ್ಷದ ಹಿಂದೆ ಮಣ್ಣಿನ ಹಲಗೆಯ ಮೇಲೆ ಮಂತ್ರ ಬರೆದಿಟ್ಟಿದ್ದಾರೆ. ನಮ್ಮ ಅಥರ್ವವೇದದಲ್ಲೂ ಕ್ರಿಮಿಗಳನ್ನು ಓಡಿಸುವ ಸೂಕ್ತಗಳಿವೆ. ಅಲ್ಲಿ ಕಾಣುವ ಕ್ರಿಮಿಯನ್ನೂ ಕೊಲ್ಲುತ್ತೇನೆ, ಕಾಣದ ಕ್ರಿಮಿಯನ್ನೂ ಕೊಲ್ಲುತ್ತೇನೆ ಅನ್ನುವ ಮಾತು ಬರುತ್ತದೆ. ಆ ಕಾಣದ ಕ್ರಿಮಿ ಅನ್ನುವ ಮಾತು ನನ್ನನ್ನು ಬಿಟ್ಟಿಲ್ಲ. ಸೂಕ್ಷ್ಮದರ್ಶಕ ಇಲ್ಲದ ಕಾಲದ ಜನರಿಗೆ ಕಾಣದ್ದೂ ತಿನ್ನುತ್ತದೆ ಅಂತ ಗೊತ್ತಿತ್ತು.

ಇನ್ನೊಂದು ಪದ ಸೋಂಕು. 2020ರಲ್ಲಿ ಟಿವಿಯವರು ದಿನಕ್ಕೆ ನೂರು ಸಲ ಹೇಳಿದ ಪದ. ನನ್ನ ಅಜ್ಜಿ ಅದೇ ಪದವನ್ನು ಬೇರೆ ಥರ ಬಳಸುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಹೊಳೆ ಕಡೆ ಹೋಗಬೇಡ, ಸೋಂಕು ತಗಲುತ್ತೆ ಅನ್ನುತ್ತಿದ್ದರು. ಗಾಳಿ ಸೋಕುವುದು, ಏನೋ ಮೆಟ್ಟಿಕೊಳ್ಳುವುದು, ಹಿಡಿದುಕೊಳ್ಳುವುದು. ಕಾಯಿಲೆಗೂ ದೆವ್ವಕ್ಕೂ ಒಂದೇ ಪದ.

ಈಗ ಚಿಕ್ಕಪ್ಪನ ಕಥೆ.

2018ರ ಆಗಸ್ಟ್‌ನ ಮಳೆ, ಗುಡ್ಡ ಕುಸಿತವನ್ನು ನಮ್ಮ ಕೊಡಗು ಜಿಲ್ಲೆಯವರಿಗೆ ನೆನಪು ಮಾಡಿಕೊಡಬೇಕಿಲ್ಲ. ನಮ್ಮದು ಸೋಮವಾರಪೇಟೆ ಕಡೆ. ಮನೆ ಉಳಿಯಿತು, ಜನ ಉಳಿದೆವು. ಚಿಕ್ಕಪ್ಪ ತಾವೇ ನಿಂತು ನೆಟ್ಟ ಒಂದೂವರೆ ಎಕರೆ ಮಾತ್ರ ರಾತ್ರೋರಾತ್ರಿ ಜಾರಿ ಕೆಳಗಿನ ತೋಡಿಗೆ ಹೋಯಿತು. ಬೆಳಿಗ್ಗೆ ನೋಡಿದರೆ ಕೆಂಪು ಮಣ್ಣು, ಬೇರು ಮೇಲೆ ಮಾಡಿ ಬಿದ್ದ ಸಿಲ್ವರ್ ಓಕ್. ನೋಡಲು ಬಂದ ನೆಂಟರೊಬ್ಬರು, "ನೀನು ಆವತ್ತು ಜೆಸಿಬಿ ತರಿಸಿ ದಾರಿ ಮಾಡಿಸದೇ ಇದ್ದಿದ್ರೆ ಇದು ಹೋಗ್ತಿರಲಿಲ್ಲ" ಅಂದರು. ಕಾಫಿ ಕುಡಿದು ಹೊರಟರು. ಆ ವರ್ಷ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆಯೆಲ್ಲ ಗುಡ್ಡಗಳು ಜಾರಿದವು. ಅವೂ ಚಿಕ್ಕಪ್ಪನ ದಾರಿಯಿಂದಲೇ ಜಾರಿದ್ದಾ? ಆದರೆ ಆ ಮಾತು ಅವರೊಳಗೆ ಉಳಿಯಿತು. ಅಜ್ಜಿ ತೀರಿಕೊಂಡು ಆಗಿನ್ನೂ ಆರು ತಿಂಗಳು. ಬೇಜಾರಾದಾಗ ಚಿಕ್ಕಪ್ಪ ಹೋಗಿ ಕೂರುತ್ತಿದ್ದುದು ಅಜ್ಜಿಯ ಹತ್ತಿರ ಮಾತ್ರ.

ಕಾಫಿಯವರಿಗೆ ಇದು ಅರ್ಥ ಆಗುತ್ತದೆ. ಬೋರರ್ ದುಂಬಿಗೆ ಬಿಸಿಲು ಇಷ್ಟ. ಮರಗಸಿ ಮಾಡುವಾಗ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವಾಗ, ನೆರಳು ಜಾಸ್ತಿ ತೆಗೆದ ಕಡೆಯೇ ಅದು ಮೊದಲು ಬರುವುದು. ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಟ್ಟು ಹಾರಿ ಹೋಗುತ್ತದೆ. ಮೊಟ್ಟೆ ಇಟ್ಟ ದುಂಬಿ ಆಮೇಲೆ ಅಲ್ಲಿರುವುದೇ ಇಲ್ಲ. ತಿಂಗಳುಗಟ್ಟಲೆ ಕೊರೆಯುವುದು ಒಳಗಿನ ಹುಳ. ಆ ನೆಂಟರಿಗೆ ತಾವು ಅಂದ ಮಾತು ಈಗ ನೆನಪೂ ಇಲ್ಲ. ಎರಡು ವರ್ಷದ ಹಿಂದೆ ಒಂದು ಮದುವೆಯಲ್ಲಿ ಸಿಕ್ಕಾಗ ಕೇಳಿದೆ. "ನಾನು ಹಾಗಂದ್ನಾ?" ಅಂದರು. ಅವರು ಸುಳ್ಳು ಹೇಳಿದ್ದು ಅಂತ ನನಗೆ ಅನ್ನಿಸಲಿಲ್ಲ.

ಕೆಟ್ಟ ಮನುಷ್ಯರನ್ನು ನಾವು ಜಿಗಣೆ ಅನ್ನುತ್ತೇವೆ, ರಕ್ತ ಹೀರ್ತಾನೆ ಅನ್ನುತ್ತೇವೆ. ಮಳೆಗಾಲದಲ್ಲಿ ದಿನಕ್ಕೆ ಹತ್ತು ಜಿಗಣೆ ಕಿತ್ತು ಹಾಕುವ ನಮಗೆ ಆ ಹೋಲಿಕೆ ಸರಿ ಕಾಣಬಾರದು. ಜಿಗಣೆ ಕಚ್ಚಿದ್ದು ಗೊತ್ತಾಗಲ್ಲ, ನಿಜ. ಅದು ಬಿಟ್ಟ ಮೇಲೂ ರಕ್ತ ನಿಲ್ಲದೇ ಹರಿಯುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಒಂದು ವಸ್ತು ಜಿಗಣೆಯಲ್ಲಿದೆ ಅಂತ ಜಾನ್ ಹೇಕ್ರಾಫ್ಟ್ 1884ರಲ್ಲೇ ತೋರಿಸಿದ. ಆದರೆ ಹೊಟ್ಟೆ ತುಂಬಿದ ಜಿಗಣೆ ತಾನಾಗಿ ಉದುರುತ್ತದೆ. ಸ್ವಲ್ಪ ಸುಣ್ಣ ತಾಗಿಸಿದರೆ ಮೊದಲೇ ಬಿಡುತ್ತದೆ. ಎರಡು ದಿನ ತುರಿಕೆ, ಅಷ್ಟೇ. ಮನುಷ್ಯನನ್ನು ಮುಗಿಸುವುದು ಆ ಥರದ್ದಲ್ಲ. ಬಳಸಿಕೊಂಡು ಬಿಟ್ಟುಹೋದವರನ್ನು ನಾವು ಒಂದಲ್ಲ ಒಂದು ದಿನ ಮರೆಯುತ್ತೇವೆ. "ನಿನ್ನಿಂದಲೇ ಆಗಿದ್ದು" ಅಂತ ಹೇಳಿ ಹೋದ ಮಾತನ್ನು ಮರೆಯಲು ಆಗಲ್ಲ.

ಮುಂದಿನ ಮಳೆಗಾಲದಿಂದ ಚಿಕ್ಕಪ್ಪನಿಗೆ ನಿದ್ದೆ ಹೋಯಿತು. ಶೀಟಿನ ಮೇಲೆ ಮಳೆ ಸದ್ದು ಜೋರಾದರೆ ಎದ್ದು ಟಾರ್ಚ್ ಹಿಡಿದು ಅಂಗಳಕ್ಕೆ ಹೋಗುತ್ತಿದ್ದರು. ಆಮೇಲೆ ತೋಟಕ್ಕೆ ಹೋಗುವುದು ನಿಂತಿತು. ಆಮೇಲೆ ಒಂದು ದಿನ, "ಮೈ ಒಳಗೆ ಹುಳ ಹರೀತಿದೆ" ಅಂದರು. ಉಣ್ಣಿ ಇರಬೇಕು, ಜಿಗಣೆ ಇರಬೇಕು ಅಂತ ನೋಡಿದೆವು. ಏನೂ ಇರಲಿಲ್ಲ. ಚರ್ಮದ ಡಾಕ್ಟರು ಮುಲಾಮು ಕೊಟ್ಟರು. ಬೇವಿನ ಎಣ್ಣೆ ಹಚ್ಚಿದೆವು, ಹಾಸಿಗೆ ಬಿಸಿಲಿಗೆ ಹಾಕಿದೆವು. ಅವರು ಕೆರೆದು ಕೆರೆದು ಮುಂಗೈ ಎಲ್ಲ ಹುಣ್ಣು ಮಾಡಿಕೊಂಡರು. ದಿಂಬಿನ ಕೆಳಗೆ ಒಂದು ಬೆಂಕಿಪೊಟ್ಟಣ ಇರುತ್ತಿತ್ತು. ಒಂದು ಸಲ ನನ್ನನ್ನು ಕರೆದು ತೆಗೆದು ತೋರಿಸಿದರು. ಒಳಗೆ ಒಣಗಿದ ಚರ್ಮದ ಚೂರು, ನೂಲಿನ ಎಳೆ, ಒಂದು ಕಾಫಿ ಹೊಟ್ಟಿನ ತುಣುಕು. "ಈಗ ನಂಬ್ತೀಯಾ?" ಅಂತ ಕೇಳಿದರು. ಆ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು, ಇದರಲ್ಲಿ ಏನೂ ಇಲ್ಲ ಚಿಕ್ಕಪ್ಪ ಅಂದೆ. ಅದು ತಪ್ಪು ಅಂತ ಆಗ ಗೊತ್ತಿರಲಿಲ್ಲ. ಅವರು ಪೊಟ್ಟಣ ಮುಚ್ಚಿಟ್ಟರು. ಮತ್ತೆ ಎರಡು ತಿಂಗಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಮನೆಯಲ್ಲಿ, ಏನೋ ಮೆಟ್ಟಿಕೊಂಡಿದೆ ಅನ್ನುವ ಮಾತು ಶುರುವಾಯಿತು. ಇಲ್ಲಿ ಒಂದು ಹೇಳಬೇಕು. ನಾನು ದೈವ ನಂಬುವವಳು. ತೋಟದ ಮೂಲೆಯ ಗುಳಿಗನ ಕಲ್ಲಿಗೆ ನಾವು ಈಗಲೂ ವರ್ಷಕ್ಕೊಮ್ಮೆ ಕೊಡುವುದನ್ನು ಕೊಡುತ್ತೇವೆ. ಮೆಟ್ಟಿಕೊಂಡಿದೆ ಅನ್ನುವ ಮಾತು ಮೂಢತನ ಅಂತ ನಗುವವರ ಜೊತೆ ನಾನಿಲ್ಲ. ಆ ಮಾತಿನಲ್ಲಿ ಒಂದು ಕರುಣೆ ಇದೆ. ಕೆಟ್ಟದ್ದು ಹೊರಗಿಂದ ಬಂದಿದೆ, ಇವನ ಮೇಲೆ ಕೂತಿದೆ, ಇವನೇ ಅದಲ್ಲ ಅಂತ ಆ ಮಾತು ಹೇಳುತ್ತದೆ. ನಮ್ಮ ಹಿರಿಯರು ಹುಳವನ್ನೂ ಗಿಡವನ್ನೂ ಬೇರೆ ಮಾಡಿ ನೋಡಿದ್ದರು. ಮೊದಮೊದಲು ಚಿಕ್ಕಪ್ಪನಿಗೂ ಅದರಿಂದ ಸಮಾಧಾನವೇ ಆಯಿತು. ನನ್ನ ತಪ್ಪಲ್ಲ ಅನ್ನುವ ಮಾತು ಅವರಿಗೆ ಸಿಕ್ಕಿದ್ದು ಅಲ್ಲೇ.

ಆದರೆ ಮುಂದೆ ಆಗಿದ್ದು ಬೇರೆ. ದೂರದ ಊರಿನಲ್ಲಿ ಪ್ರಶ್ನೆ ಹೇಳುವ ಒಬ್ಬನ ಹತ್ತಿರ ಕರೆದುಕೊಂಡು ಹೋದರು. ಮೊದಲ ಸಲ ಒಂದು ತಾಯಿತ. ಎರಡನೇ ಸಲ ಒಂದು ಹೋಮ. ಮೂರನೇ ಸಲ, "ಇದು ನಿನ್ನ ಕೈಯಾರೆ ಆದ ತಪ್ಪು, ಮಣ್ಣು ಅಗೆದಾಗ ಏನೋ ಕದಡಿದ್ದೀಯ" ಅಂದ. ಜೆಸಿಬಿ ವಿಷಯ ಅವನಿಗೆ ನಮ್ಮ ಮನೆಯವರೇ ಹೇಳಿದ್ದು! ಆ ವರ್ಷದ ಮೆಣಸಿನ ದುಡ್ಡು ಪೂರ್ತಿ ಅವನಿಗೆ ಹೋಯಿತು. ದುಡ್ಡಿನ ಬಗ್ಗೆ ನನಗೆ ಅಷ್ಟು ಬೇಜಾರಿಲ್ಲ. ಆರುತ್ತಿದ್ದ ಗಾಯದಲ್ಲಿ ಅವನು ಮತ್ತೆ ಅದೇ ಮೊಟ್ಟೆ ಇಟ್ಟ. ದೈವದ ಹೆಸರಲ್ಲಿ ಇಟ್ಟ. ಅದನ್ನು ನಾನು ಕ್ಷಮಿಸಲ್ಲ.

ಅದಕ್ಕಿಂತ ದೊಡ್ಡ ತಪ್ಪು ನಮ್ಮ ಅಡುಗೆಮನೆಯಲ್ಲೇ ಆಯಿತು. ದುಡಿಯದ ಮನುಷ್ಯ ಮನೆಯಲ್ಲಿದ್ದರೆ ಬಾಯಿ ಸುಮ್ನೆ ಇರಲ್ಲ. ಕೂತು ತಿನ್ನೋದು, ದಂಡಪಿಂಡ, ಎಲ್ಲ ಬಂದವು. ಒಂದು ದಿನ ಊಟದ ಹೊತ್ತಿಗೆ ಮನೆಯ ಹಿರಿಯರೊಬ್ಬರು, "ಮಾವಿನ ಮರಕ್ಕೆ ಬಂದಳಿಕೆ ಹತ್ತಿದ ಹಾಗೆ ಹತ್ತಿದ್ದಾನೆ" ಅಂದರು. ಚಿಕ್ಕಪ್ಪ ತಟ್ಟೆಯಲ್ಲಿದ್ದ ಅನ್ನವನ್ನು ಅಲ್ಲೇ ಬಿಟ್ಟು ಎದ್ದರು. ಆಮೇಲೆ ಎಲ್ಲರ ಜೊತೆ ಕೂತು ಉಣ್ಣಲಿಲ್ಲ.

ಪರೋಪಜೀವಿಗೆ ಇಂಗ್ಲಿಷಿನವರು ಹೇಳುವ ಪ್ಯಾರಸೈಟ್ ಅನ್ನುವ ಪದ ಗ್ರೀಕಿನದು. ಇನ್ನೊಬ್ಬರ ಪಕ್ಕ ಕೂತು ಉಣ್ಣುವವನು ಅಂತ ಅದರ ಅರ್ಥ. ಅದು ಮೊದಲು ಬಂದಿದ್ದೇ ಮನುಷ್ಯರನ್ನು ಕರೆಯಲು, ಹುಳಗಳಿಗೆ ಬಂದಿದ್ದು ಆಮೇಲೆ. ನಾಜಿಗಳು ಯಹೂದಿಗಳನ್ನು ಅದೇ ಹೆಸರಲ್ಲಿ ಕರೆದರು. ಹಾಗೆ ಕರೆದ ಮೇಲೆ ಏನು ಮಾಡಿದರು ಅಂತ ಲೋಕಕ್ಕೆ ಗೊತ್ತು. ನಮ್ಮ ಅಡುಗೆಮನೆಗೂ ಅದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಮನುಷ್ಯನಿಗೆ ಹುಳದ ಹೆಸರಿಟ್ಟ ಮೇಲೆ ಅವನ ತಟ್ಟೆ ಬೇರೆ ಇಡುವುದು ಯಾರಿಗೂ ತಪ್ಪು ಅನ್ನಿಸಲ್ಲ. ಅದನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ಆ ಹಿರಿಯರಿಗೆ ನಾನು ಆವತ್ತು ಹೇಳಬೇಕಿತ್ತು, ಹೇಳಲಿಲ್ಲ. ಈಗ ಹೇಳುತ್ತೇನೆ. ಕಣದ ಪಕ್ಕದ ಮಾವಿನ ಮರಕ್ಕೆ ನಿಜವಾಗಿಯೂ ಬಂದಳಿಕೆ ಇದೆ, ಹೋಗಿ ನೋಡಿ. ಹಕ್ಕಿ ಅಂಟುಬೀಜ ತಂದು ಕೊಂಬೆಗೆ ಒರೆಸಿ ಹೋಗುತ್ತದೆ. ಅದು ಕೊಂಬೆಯೊಳಗೆ ಬೇರು ಇಳಿಸಿ ಮರದ ನೀರು ಕುಡಿಯುತ್ತದೆ. ಬೇಸಿಗೆಯಲ್ಲೂ ಬಂದಳಿಕೆ ಹಸಿರಾಗಿರುತ್ತದೆ, ಹೂ ಬಿಡುತ್ತದೆ. ಒಣಗುವುದು ಅದು ಹತ್ತಿದ ಕೊಂಬೆ. ಆ ಎರಡು ವರ್ಷ ನಮ್ಮ ಮನೆಯಲ್ಲಿ ಒಣಗಿದ್ದು ಯಾರು? ನಾವೆಲ್ಲ ದಪ್ಪಗೇ ಇದ್ದೆವು. ಅಂಗಿ ಜೋತು ಬಿದ್ದಿದ್ದು ಚಿಕ್ಕಪ್ಪನಿಗೆ.

ಕೊನೆಗೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿದ್ದು ನಾನು ಮತ್ತು ನನ್ನ ತಮ್ಮ. ಚಿಕ್ಕಪ್ಪ ಬೆಂಕಿಪೊಟ್ಟಣ ಜೇಬಲ್ಲೇ ಇಟ್ಟುಕೊಂಡು ಬಂದಿದ್ದರು. ಆ ಡಾಕ್ಟರು ಅದನ್ನು ಇಸಿದುಕೊಂಡು ಟೇಬಲ್ ಮೇಲೆ ಬಿಳಿ ಹಾಳೆ ಹಾಸಿ, ಒಂದೊಂದೇ ಚೂರು ತೆಗೆದಿಟ್ಟು ನೋಡಿದರು. ನಗಲಿಲ್ಲ. ಏನೂ ಇಲ್ಲ ಅಂತಲೂ ಅನ್ನಲಿಲ್ಲ. "ಎಷ್ಟು ದಿನದಿಂದ ಮಲಗಿಲ್ಲ?" ಅಂತ ಕೇಳಿದರು. ಚಿಕ್ಕಪ್ಪ ಅತ್ತರು. ಅಜ್ಜಿ ಹೋದಾಗಲೂ ಅತ್ತಿರದ ಮನುಷ್ಯ.

ಆಮೇಲೆ ತಿಳಿಯಿತು, ಇದು ಹೊಸದೇನಲ್ಲ. ಮೈಮೇಲೆ, ಚರ್ಮದೊಳಗೆ ಹುಳ ಇದೆ ಅಂತ ಗಟ್ಟಿಯಾಗಿ ನಂಬುವ ಈ ಕಾಯಿಲೆಯ ಬಗ್ಗೆ ಸ್ವೀಡನ್ನಿನ ವೈದ್ಯ ಕಾರ್ಲ್ ಆಕ್ಸೆಲ್ ಎಕ್ಬಾಮ್ 1938ರಲ್ಲಿ ವಿವರವಾಗಿ ಬರೆದಿದ್ದ. ಅವನ ಹೆಸರಿನಲ್ಲೇ ಎಕ್ಬಾಮ್ ಸಿಂಡ್ರೋಮ್ ಅನ್ನುತ್ತಾರೆ. ಹೀಗೆ ಪೊಟ್ಟಣದಲ್ಲಿ ಚೂರುಗಳನ್ನು ತಂದು ತೋರಿಸುವುದಕ್ಕೂ ಡಾಕ್ಟರುಗಳಲ್ಲಿ ಒಂದು ಹೆಸರಿದೆ, ಬೆಂಕಿಪೊಟ್ಟಣದ ಗುರುತು. ಅದನ್ನು ಓದಿದಾಗ ನನಗೆ ಎಷ್ಟೋ ಹಗುರ ಆಯಿತು. ಲೋಕದಲ್ಲಿ ಎಲ್ಲೆಲ್ಲೋ ಎಷ್ಟೋ ದಿಂಬಿನ ಕೆಳಗೆ ಅಂಥ ಪೊಟ್ಟಣಗಳಿವೆ, ನಮ್ಮ ಮನೆಯಲ್ಲಿ ಮಾತ್ರ ಅಲ್ಲ. ಚಿಕ್ಕಪ್ಪನಿಗೆ ಮಾತ್ರೆ ಶುರುವಾಯಿತು, ಮಾತೂ ಶುರುವಾಯಿತು. ಬೇಗ ಏನೂ ಆಗಲಿಲ್ಲ. ಮೊದಲು ನಿದ್ದೆ ಬಂತು. ಆರೇಳು ತಿಂಗಳ ಮೇಲೆ ಕೆರೆಯುವುದು ನಿಂತಿತು. ಮಳೆ ಭಯ ಇನ್ನೂ ಪೂರ್ತಿ ಹೋಗಿಲ್ಲ.

ಬೋರರ್ ಗಿಡವನ್ನು ಕಿತ್ತು ಸುಡದೇ ಬೇರೆ ದಾರಿ ಇಲ್ಲ. ಮನುಷ್ಯನನ್ನೂ ಅದೇ ಲೆಕ್ಕದಲ್ಲಿ ನೋಡಿದೆವು ಅನ್ನುವುದು ನನಗೆ ಈಗಲೂ ಚುಚ್ಚುತ್ತದೆ. ಕಾಫಿಯಲ್ಲಿ ಕೂಡ ಸುಡುವುದು ಕೊನೆಯ ಕೆಲಸ. ಅದಕ್ಕಿಂತ ಮೊದಲು ಮಾಡುವುದು ಎಷ್ಟೊಂದಿದೆ. ಏಪ್ರಿಲ್‌ನಲ್ಲೂ ಅಕ್ಟೋಬರ್‌ನಲ್ಲೂ ದುಂಬಿ ಹಾರುವ ಮೊದಲೇ ಸಾಲು ಸಾಲು ನಡೆದು ಒಂದೊಂದು ಗಿಡ ಮುಟ್ಟಿ ನೋಡುತ್ತೇವೆ. ಒಣ ತೊಗಟೆಯನ್ನು ತೆಂಗಿನ ನಾರಿನ ಗ್ಲೌಸ್ ಹಾಕಿ ಉಜ್ಜಿ ನುಣುಪು ಮಾಡುತ್ತೇವೆ, ಮೊಟ್ಟೆ ಇಡಲು ಬಿರುಕು ಸಿಗಬಾರದು ಅಂತ. ಸುಣ್ಣದ ನೀರು ಹೊಡೆಯುತ್ತೇವೆ. ನೆರಳು ಕಾಯುತ್ತೇವೆ. ಗಿಡಕ್ಕೆ ಇಷ್ಟು ಮಾಡುವ ನಾವು, ಜೊತೆಗೆ ಉಣ್ಣುವ ಮನುಷ್ಯನನ್ನು ಎರಡು ವರ್ಷ ಹತ್ತಿರದಿಂದ ನೋಡಲಿಲ್ಲ.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಒಣಗುತ್ತಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. 2022ರಲ್ಲಿ ಸರ್ಕಾರ ಶುರು ಮಾಡಿದ್ದು, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ಗುಳಿಗನಿಗೂ ಕೈ ಮುಗಿಯಿರಿ, ಬೇಡ ಅನ್ನಲ್ಲ. ನಾವು ಎರಡೂ ಮಾಡಿದ್ದೇವೆ.

ಗಿಡ ಕಿತ್ತ ದಿನ ಸಂಜೆ ನಾವಿಬ್ಬರೂ ಜಗುಲಿಯಲ್ಲಿ ಕೂತು ಗಮ್‌ಬೂಟು ಬಿಚ್ಚುತ್ತಿದ್ದೆವು. ಚಿಕ್ಕಪ್ಪ ಸಾಕ್ಸ್ ಇಳಿಸಿದವರು ಹಾಗೇ ಕೂತುಬಿಟ್ಟರು. ಪಾದದ ಗಂಟಿನ ಹತ್ತಿರ ಏನನ್ನೋ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ನನ್ನನ್ನು ಕರೆದರು.

"ಇದು ಇದೆ, ಅಲ್ವಾ?"

ಬಗ್ಗಿ ನೋಡಿದೆ. ರಕ್ತ ಕುಡಿದು ದಪ್ಪಗಾದ ಜಿಗಣೆ.

"ಇದೆ ಚಿಕ್ಕಪ್ಪ. ನನಗೂ ಕಾಣ್ತಿದೆ" ಅಂದೆ.

ಅವರು ಎಲೆಅಡಿಕೆ ತಟ್ಟೆಯಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದುಕೊಂಡು ಅದಕ್ಕೆ ತಾಗಿಸಿದರು.