ಮೂರ್ಚ್ಚ ಪೋಯೋ?

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನಾನು ಇಪ್ಪತ್ತೈದು ವರ್ಷದಿಂದ ತಲೆ ಕೊಡುತ್ತಾ ಬಂದ ಒಂದು ಕ್ಷೌರದಂಗಡಿ ಇದೆ. ಕಳೆದ ಮೇ ತಿಂಗಳಲ್ಲಿ ಹೋದಾಗ ಅಂಗಡಿಯ ಹಿರಿಯರು ಡ್ರಾಯರು ಖಾಲಿ ಮಾಡುತ್ತಾ ಕೂತಿದ್ದರು. ಮಗ ಅಂಗಡಿಗೆ ಎಸಿ ಹಾಕಿಸುತ್ತಾನಂತೆ. ಹಲ್ಲುದುರಿದ ಬಾಚಣಿಗೆ, ಸವೆದು ಕಲ್ಲುಸಕ್ಕರೆಯಂತಾದ ಪಟಿಕ, ಖಾಲಿ ಪೌಡರ್ ಡಬ್ಬಿ, ಎಲ್ಲ ಹೊರಗೆ ಬಂದ ಮೇಲೆ ಕೊನೆಗೆ ಒಂದು ಮಡಚುವ ಕತ್ತಿ ಬಂತು. ಹಿಡಿ ಹಳದಿಗಟ್ಟಿತ್ತು. ಬಿಡಿಸಿ ನೋಡಿದರೆ ಅಲಗಿನ ಬುಡದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಒಂದು ಹೆಸರು ಹೊಡೆದಿತ್ತು.

"ಸೋಲಿಂಗನ್," ಅಂದರು ಅವರು. "ಜರ್ಮನಿಯದ್ದು. ಅಪ್ಪನ ಕಾಲದ್ದು."

ಹೆಸರಿನಲ್ಲೇ ಸೋಲು ಇದೆ ಅಂತ ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕತ್ತಿಗೆ ಆ ಊರು ಎಷ್ಟು ಹೆಸರುವಾಸಿ ಅಂದರೆ, ಬೇರೆ ಕಡೆ ಮಾಡಿದ್ದಕ್ಕೆ ಆ ಹೆಸರು ಹೊಡೆಯಬಾರದು ಅಂತ 1938ರಲ್ಲಿ ಅಲ್ಲಿ ಕಾನೂನೇ ಬಂತು. ನಮ್ಮ ಕಾಸರಗೋಡು ಸೀರೆಗೆ ಜಿಐ ಟ್ಯಾಗ್ ಸಿಕ್ಕಿದ ಹಾಗೆ ಅಂತಿಟ್ಟುಕೊಳ್ಳಿ. ಅಂಥ ವಸ್ತು ಬದಿಯಡ್ಕದ ಡ್ರಾಯರಿನಲ್ಲಿ ಜಿರಳೆಯ ಜೊತೆ ಮಲಗಿದೆಯಲ್ಲ ಅಂತ ನನ್ನ ಹೊಟ್ಟೆ ಉರಿಯಿತು.

"ಈಗ ಇದಕ್ಕೆ ಕೆಲಸ ಇಲ್ಲ ಮಾಷ್ಟ್ರೇ," ಅಂದರು. ನಿಜವೇ. ಈಗಿನ ಅಂಗಡಿಗಳಲ್ಲಿ ಬ್ಲೇಡನ್ನು ಮಧ್ಯಕ್ಕೆ ಮುರಿದು, ಅರ್ಧ ಸಿಕ್ಕಿಸಿ, ಒಂದು ಗಡ್ಡ ಮುಗಿದ ಕೂಡಲೇ ಎಸೆಯುತ್ತಾರೆ. ಒಬ್ಬನ ರೋಗ ಇನ್ನೊಬ್ಬನಿಗೆ ಹೋಗಬಾರದಲ್ಲ. "ನಿಮಗೆ ಬೇಕಾದ್ರೆ ಕೊಂಡೋಗಿ. ಮಸೆಯುವುದಕ್ಕೆ ಮಾತ್ರ ಇಲ್ಲಿಗೆ ಬನ್ನಿ. ತೋರಿಸಿ ಕೊಡ್ತೇನೆ."

ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವನಿಗೆ ಕತ್ತಿ ಮಸೆಯಲು ತೋರಿಸಿ ಕೊಡುವುದಾ? ಮೆಟ್ಟುಕತ್ತಿ, ಹುಲ್ಲುಕತ್ತಿ, ಸೊಪ್ಪಿನ ಕತ್ತಿ, ನಾನು ಮಸೆಯದ ಕತ್ತಿ ಯಾವುದಿದೆ? ಒಳಗೊಳಗೇ ನಕ್ಕು, ಕತ್ತಿಯನ್ನು ಕಿಸೆಗೆ ಹಾಕಿಕೊಂಡು ಬಂದೆ.

ಕಲ್ಲು ತರಲು ಕಾಸರಗೋಡಿಗೆ ಹೋದೆ. ನನ್ನ ಮಲಯಾಳ ಬಸ್ಸಿನ ಬೋರ್ಡು, ರೇಶನ್ ಅಂಗಡಿಯ ಚೀಟಿ, ಇಷ್ಟರ ಮಟ್ಟಿನದು. ಹಾರ್ಡ್‌ವೇರ್ ಅಂಗಡಿಯವನು ಕತ್ತಿಯನ್ನು ಬೆಳಕಿಗೆ ಹಿಡಿದು, ಹುಬ್ಬು ಏರಿಸಿ ಕೇಳಿದ, "ಮೂರ್ಚ್ಚ ಪೋಯೋ?"

"ಇಲ್ಲಪ್ಪ, ಸರಿಯಾಗಿದ್ದೇನೆ. ಬಿಸಿಲಿಗೆ ಸ್ವಲ್ಪ ಬೆವರಿದೆ ಅಷ್ಟೆ," ಅಂದೆ. ಅವನು ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಪಕ್ಕದಲ್ಲಿ ಮೊಳೆ ತೂಗಿಸುತ್ತಿದ್ದ ಕುಂಬಳೆ ಕಡೆಯ ಒಬ್ಬರು ನಡುವೆ ಬಂದು, "ಅವ ಹೇಳಿದ್ದು ಕತ್ತಿಯ ಹರಿತ ಹೋಯಿತಾ ಅಂತ," ಎಂದು ಬಿಡಿಸಿ ಹೇಳಿದರು. ಮಲಯಾಳದಲ್ಲಿ ಹರಿತಕ್ಕೆ ಮೂರ್ಚ್ಚ. ಕನ್ನಡದಲ್ಲಿ ಮೂರ್ಛೆ ಹೋದರೆ ನೀರು ಚಿಮುಕಿಸಬೇಕು. ಅಲ್ಲಿ ಮೂರ್ಚ್ಚ ಹೋದರೂ ಕಲ್ಲಿಗೆ ನೀರು ಚಿಮುಕಿಸಬೇಕು. ಗಡಿನಾಡಿನಲ್ಲಿ ಎರಡು ಭಾಷೆ ಇಷ್ಟಾದರೂ ಒಂದಾಗುತ್ತವಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಅವನ ಹತ್ತಿರ ಇದ್ದದ್ದು ಮರಗೆಲಸದವರ ಉಳಿ ಮಸೆಯುವ ಒರಟು ಕಲ್ಲು. ಹಾಗಾಗಿ ಆನ್‌ಲೈನಿನಲ್ಲಿ ಮೂರು ಕಲ್ಲು ತರಿಸಿದೆ. ಕಲ್ಲಿನ ನಂಬರು ದೊಡ್ಡದಾದಷ್ಟೂ ಅದು ನಯ. ಅಡುಗೆಮನೆಯ ಚೂರಿಗೆ 1000 ನಂಬರು ಸಾಕು. ಗಡ್ಡದ ಕತ್ತಿ ಅಲ್ಲಿಂದ ಶುರು ಮಾಡಿ 3000, 8000 ಅಂತ ಹತ್ತುತ್ತಾ ಹೋಗಬೇಕು. ಬಿಲ್ಲು ನೋಡಿದ ಹೆಂಡತಿ, "ಇಷ್ಟು ದುಡ್ಡಿಗೆ ಮುರಕಲ್ಲು ತಂದಿದ್ದರೆ ಹಟ್ಟಿಗೆ ಒಂದು ಗೋಡೆ ಏಳುತ್ತಿತ್ತು," ಅಂದಳು.

ಮಸೆದೆ. ದಿನಾ ಸಂಜೆ ಬಾವಿಕಟ್ಟೆಯಲ್ಲಿ ಕೂತು ಮಸೆದೆ. ಹರಿತ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದು ನನಗೆ ತಿಳಿದದ್ದು ಎಷ್ಟೋ ಆಮೇಲೆ. ಗಡ್ಡದ ಕತ್ತಿಯ ಬೆನ್ನು ದಪ್ಪ ಇರುವುದು ಅಂದಕ್ಕಲ್ಲ. ಕಲ್ಲಿನ ಮೇಲೆ ಮಲಗಿಸಿದರೆ ಬೆನ್ನು, ಬಾಯಿ ಎರಡೂ ಒಟ್ಟಿಗೆ ಕಲ್ಲಿಗೆ ತಾಗುತ್ತವೆ. ಎಷ್ಟು ಓರೆ ಹಿಡಿಯಬೇಕು ಅನ್ನುವ ಲೆಕ್ಕವನ್ನು ಕತ್ತಿಯೇ ನೋಡಿಕೊಳ್ಳುತ್ತದೆ. ಮಸೆಯುವವನ ಕೆಲಸ ಬೆನ್ನನ್ನು ಎತ್ತದೆ ಸುಮ್ನೆ ಇರುವುದು, ಅಷ್ಟೆ. ಹುಲ್ಲುಕತ್ತಿ ಮಸೆದು ಪಳಗಿದ ನನ್ನ ಕೈಗೆ ಸುಮ್ನೆ ಇರಲು ಬರುತ್ತಿರಲಿಲ್ಲ. ಒಂದೊಂದು ಎಳೆತಕ್ಕೂ ಬೆನ್ನನ್ನು ಚೂರು ಎತ್ತುತ್ತಿತ್ತು. ಹೀಗೆ ಜರ್ಮನಿಯವರು ಕಷ್ಟಪಟ್ಟು ಕೊಟ್ಟ ಬಾಯಿಯನ್ನು ನಾನು ಮೂರು ವಾರ ಕಷ್ಟಪಟ್ಟು ತೆಗೆದೆ.

ಹರಿತ ಬಂದಿದೆಯಾ ಅಂತ ನೋಡುವ ಒಂದು ದಾರಿ, ಕೈಯ ರೋಮದ ಮೇಲೆ ಕತ್ತಿ ಆಡಿಸುವುದು. ದಿನಕ್ಕೆ ನಾಲ್ಕು ಸಲ ನೋಡಿದೆ. ಮಿಥುನ ತಿಂಗಳಾಗುವಾಗ ನನ್ನ ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಅಲ್ಲಲ್ಲಿ ಬೋಳಾಗಿ, ಹುಳ ತಿಂದ ಬಸಳೆಯ ಎಲೆಯ ಹಾಗಿತ್ತು. ಒಂದು ಪೂಜೆಯ ಊಟದಲ್ಲಿ ಪಕ್ಕದ ಎಲೆಯವರು ಮೆಲ್ಲಗೆ, "ಮಾಷ್ಟ್ರೇ, ಮಂಗಳೂರಿನಲ್ಲಿ ಒಳ್ಳೆ ಚರ್ಮದ ಡಾಕ್ಟರು ಇದ್ದಾರೆ," ಅಂದು ಎಲೆಯನ್ನು ಒಂದು ಗೇಣು ಆಚೆ ಸರಿಸಿಕೊಂಡರು.

ಇನ್ನೊಂದು ದಾರಿ ತಲೆಕೂದಲಿನದು. ಉದ್ದದ ಒಂದು ಕೂದಲನ್ನು ತೂಗುಹಾಕಿ ಕತ್ತಿಗೆ ಮುಟ್ಟಿಸಿದರೆ, ಅದು ತಾನಾಗಿ ತುಂಡಾಗಿ ಬೀಳಬೇಕು. ನನ್ನ ತಲೆಯಲ್ಲಿ ಉದ್ದದ್ದು ಬಿಡಿ, ಗಿಡ್ಡದ್ದೂ ಜಾಸ್ತಿ ಇಲ್ಲ. ಹೆಂಡತಿಯ ಬಾಚಣಿಗೆಯಿಂದ ಒಂದಷ್ಟು ಎತ್ತಿ, ಕಾಗದದಲ್ಲಿ ಮಡಚಿ, ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟೆ. ಮನೆಗೆಲಸಕ್ಕೆ ಬರುವ ಅಕ್ಕನಿಗೆ ಅದು ಸಿಕ್ಕಿತು. ಮಡಚಿದ ಕಾಗದ, ಒಳಗೆ ಹೆಂಗಸಿನ ಕೂದಲು, ಸಾಲದ್ದಕ್ಕೆ ನಾನು ಕಾಗದಕ್ಕೆ ಬಳಸಿದ್ದು ಹಳೆಯ ಪಂಚಾಂಗದ ಅಮಾವಾಸ್ಯೆಯ ಹಾಳೆ. ಯಾರೋ ಮಾಟ ಮಾಡಿಸಿದ್ದಾರೆ ಅಂತ ಆಕೆ ಪೊರಕೆ ಬಿಸಾಡಿ ಅಂಗಳಕ್ಕೆ ಓಡಿದಳು. ಮಧ್ಯಾಹ್ನದೊಳಗೆ ಸುದ್ದಿ ಅತ್ತೆಯ ಮನೆ ಮುಟ್ಟಿತು. ಸಂಜೆಗೆ ಅತ್ತೆ ಒಂದು ತಾಯತದ ಜೊತೆ ಆಟೋದಲ್ಲಿ ಬಂದು ಇಳಿದರು. ನಾನು ಕತ್ತಿ ತೋರಿಸಿ ವಿವರಿಸಲು ಹೋದೆ. ಮಾಟದ ವಿಷಯ ಬಂದಾಗ ಅಳಿಯ ಕೈಯಲ್ಲಿ ಕತ್ತಿ ಹಿಡಿದು ಬರಬಾರದು ಅನ್ನುವಷ್ಟು ಬುದ್ಧಿ ನನಗೆ ಇರಬೇಕಿತ್ತು.

ಬೆಲ್ಟಿನ ಕತೆ ಚಿಕ್ಕದು. ಮಸೆದ ಮೇಲೆ ಕತ್ತಿಯನ್ನು ಚರ್ಮದ ಪಟ್ಟಿಗೆ ಎಳೆದು ನಯ ಮಾಡಬೇಕು. ಕಲ್ಲಿನ ಮೇಲೆ ಬಾಯಿ ಮುಂದೆ, ಚರ್ಮದ ಮೇಲೆ ಬೆನ್ನು ಮುಂದೆ. ನಾನು ಮದುವೆಗೆ ಮಾವ ಕೊಟ್ಟ ಬೆಲ್ಟನ್ನು ಕಿಟಕಿಯ ಸರಳಿಗೆ ಕಟ್ಟಿ, ಕಲ್ಲಿನ ಅಭ್ಯಾಸದಲ್ಲೇ ಬಾಯಿ ಮುಂದೆ ಮಾಡಿ ಎಳೆದೆ. ಬೆಲ್ಟು ಅರ್ಧಕ್ಕೆ ಸೀಳಿತು. ಕತ್ತಿಗೆ ಹರಿತ ಇಲ್ಲ ಅಂತ ಕೊರಗುತ್ತಿದ್ದವನಿಗೆ, ಬೆಲ್ಟಿಗೆ ಬೇಕಾದಷ್ಟು ಇದೆ ಅಂತ ಗೊತ್ತಾಯಿತು.

ಅದೇ ಧೈರ್ಯದಲ್ಲಿ ಮರುದಿನ ಬೆಳಿಗ್ಗೆ ಮುಖಕ್ಕೆ ಹಿಡಿದೆ.

ಜಡಿಮಳೆ. ಬಚ್ಚಲಿನಲ್ಲಿ ಒಂದೇ ಬಲ್ಬು. ಬಿಸಿನೀರಿನಲ್ಲಿ ಮುಖ ನೆನೆಸಿ, ಸೋಪು ನೊರೆ ಹಚ್ಚಿ, ಕತ್ತಿಯನ್ನು ಸುಮಾರು 30 ಡಿಗ್ರಿ ಓರೆ ಹಿಡಿದೆ. ಬಲಗೆನ್ನೆ ಸುಲಭ. ಕೂದಲು ತುಂಡಾಗುವ ಸದ್ದು ತಲೆಬುರುಡೆಯ ಒಳಗಿಂದಲೇ ಕೇಳುತ್ತದೆ, ಒಣಗಿದ ಹಲಸಿನ ಎಲೆಯ ಮೇಲೆ ಓತಿ ಓಡಿದ ಹಾಗೆ. ಉರಿ ಇತ್ತು. ಆದರೆ ಕತ್ತಿ ಅಂದಮೇಲೆ ಉರಿ ಇರಲೇಬೇಕು ಅಂತ ತಿಳಿದೆ. ಎಡಗೆನ್ನೆಗೆ ಬಂದಾಗ ಗೊತ್ತಾಯಿತು, ಬಲಗೈ ಮುಖಕ್ಕೆ ಅಡ್ಡ ಬರುತ್ತದೆ. ಕನ್ನಡಿಯಲ್ಲಿ ನನ್ನ ಮೊಣಕೈ ಬಿಟ್ಟರೆ ಬೇರೇನೂ ಕಾಣದು. ಹೇಗೋ ಮೈ ತಿರುಚಿ, ಗಲ್ಲದ ಕೆಳಗೆ, ಕೊರಳಿನ ನರದ ಪಕ್ಕ ಕತ್ತಿ ಇಟ್ಟೆ. ಕರೆಂಟು ಹೋಯಿತು.

ಕತ್ತಲಲ್ಲಿ ಕೊರಳಿಗೆ ಕತ್ತಿ ಹಿಡಿದು ನಿಂತವನು ನಾನೇ, ಕೊರಳೂ ನನ್ನದೇ. ಅಲುಗಾಡಲು ಭಯ. ಬಾಯಿ ತೆರೆದರೆ ಗಲ್ಲ ಅಲುಗುತ್ತದೆ. ಹಲ್ಲು ಕಚ್ಚಿಕೊಂಡೇ "ಟಾಷ್, ಟಾಷ್" ಅಂದೆ.

"ಎಂತದು?" ಅಂದಳು ಹೆಂಡತಿ ಅಡುಗೆಮನೆಯಿಂದ.

"ಟಾಷ್!"

"ದೋಸೆಯಾ? ಆಗ್ತಾ ಉಂಟು."

ಆ ಹೊತ್ತಿನಲ್ಲಿ ನನಗೆ ಕಿಂಗ್ ಕ್ಯಾಂಪ್ ಜಿಲೆಟ್ ಎಂಬ ಪುಣ್ಯಾತ್ಮ ನೆನಪಾದ. ಎಸೆಯುವ ಬ್ಲೇಡಿನ ರೇಜರನ್ನು ಮಾರಲು ಅಮೆರಿಕದಲ್ಲಿ ಆತ ಮೊದಲು ಹೊರಟದ್ದು 1903ರಲ್ಲಿ. ಆ ವರ್ಷ ಹೋದದ್ದು ಬರೇ 51 ರೇಜರು, 168 ಬ್ಲೇಡು. ಮುಂದೆ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸಿಪಾಯಿಗಳ ಚೀಲದಲ್ಲೆಲ್ಲ ಅವನ ರೇಜರೇ. ಇಷ್ಟು ಕಾಲ ಆ 51 ಜನರನ್ನು ಯಾರೋ ಬಡಪಾಯಿಗಳು ಅಂದುಕೊಂಡಿದ್ದೆ. ಕತ್ತಲಲ್ಲಿ ನಿಂತಾಗ ಅವರ ಮೇಲೆ ಗೌರವ ಬಂತು.

ಕರೆಂಟು ಬಂದದ್ದು ಒಂದು ಗುಡುಗಿನ ಜೊತೆ. ಬೆಚ್ಚಿಬಿದ್ದೆ. ಮೂರು ಕಡೆ ಗೀರು. ಮನೆಯಲ್ಲಿ ಪಟಿಕ ಇರಲಿಲ್ಲ. ಪೇಪರಿನ ಚೂರು ಹರಿದು ಅಂಟಿಸಿ ಶಾಲೆಗೆ ಓಡಿದೆ. ಎರಡನೇ ಪೀರಿಯಡ್ಡಿನಲ್ಲಿ, ಸಂಧಿ ಪಾಠದ ನಡುವೆ, ಮುಂದಿನ ಬೆಂಚಿನ ಹುಡುಗ ನನ್ನ ಗಲ್ಲವನ್ನೇ ನೋಡುತ್ತಿದ್ದ. ಉತ್ತರ ಹೇಳು ಅಂದಾಗ ಎದ್ದು ನಿಂತು, "ಮಾಷ್ಟ್ರೇ, ಹೊಸ ಅಡಿಕೆಗೆ ರೇಟು ಇಳಿದಿದೆ," ಅಂದ. ಅವನ ತಪ್ಪಲ್ಲ. ನಾನು ಹರಿದದ್ದು ಧಾರಣೆಯ ಕಾಲಮ್ಮು.

ಮಳೆಗಾಲ ಪೂರ್ತಿ ಹೀಗೇ ಹೋಯಿತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರಿನಲ್ಲಿ ಹಳೆಯ ಕಾಲದ ಉಕ್ಕು ಒಂದು ರಾತ್ರಿ ಮರೆತರೆ ತುಕ್ಕು. ಪ್ರತಿ ಸಲ ಒರೆಸಿ, ಎಣ್ಣೆ ಸವರಿ ಇಡಬೇಕು. ಕತ್ತಿಗೆ ನಾನು ಹಚ್ಚಿದಷ್ಟು ತೆಂಗಿನೆಣ್ಣೆ ನನ್ನ ತಲೆಗೆ ಹಚ್ಚಿದ್ದರೆ ಕೂದಲಿನ ಪರೀಕ್ಷೆಗೆ ಬಾಚಣಿಗೆ ಹುಡುಕುವ ಗತಿ ಬರುತ್ತಿರಲಿಲ್ಲ.

ತುಳುವರ ಆಟಿ ತಿಂಗಳು ಕಳೆಯಿತು. ಮುಂದಿನ ಸೋಣ ತಿಂಗಳಲ್ಲಿ ಭಾವನ ಮಗಳ ಮದುವೆ. ಆ ದಿನ ಬೆಳಿಗ್ಗೆ ಬಲಗೆನ್ನೆ ಮುಗಿಸಿ ಎಡಗೆನ್ನೆಗೆ ಇಟ್ಟರೆ ಕತ್ತಿ ಕತ್ತರಿಸುವುದನ್ನು ಬಿಟ್ಟು ಕೀಳಲು ಶುರು ಮಾಡಿತು. ಕಣ್ಣಲ್ಲಿ ನೀರು. ಮನೆಯಲ್ಲಿ ಬೇರೆ ರೇಜರು ಇರಲಿಲ್ಲ, ಸ್ವಾಭಿಮಾನದಿಂದ ಎಸೆದಿದ್ದೆ. ಪಂಚೆ ಉಟ್ಟು, ಅರ್ಧ ಗಡ್ಡದ ಮೇಲೆ ಹೆಲ್ಮೆಟ್ ಹಾಕಿ, ಬದಿಯಡ್ಕಕ್ಕೆ ಸ್ಕೂಟರು ಬಿಟ್ಟೆ.

ಅಂಗಡಿಯಲ್ಲಿ ಎಸಿ ಬಂದಿತ್ತು. ಹಿರಿಯರು ಮೂಲೆಯ ಸ್ಟೂಲಿನಲ್ಲಿ ಕೂತಿದ್ದರು. ಕತ್ತಿಯನ್ನು ತೆಗೆದುಕೊಂಡು, ಹೆಬ್ಬೆರಳನ್ನು ಅಡ್ಡಕ್ಕೆ ಮೆಲ್ಲಗೆ ಸವರಿ, ನನ್ನ ಮುಖ ನೋಡಿದರು. ಏನೂ ಬೈಯಲಿಲ್ಲ. ಅದೇ ಜಾಸ್ತಿ ನೋವಾಯಿತು. ಒಳಗಿನಿಂದ ಅಂಗೈ ಅಗಲದ ಕಪ್ಪು ಕಲ್ಲು ತಂದರು. ನಾಲ್ಕು ಹನಿ ನೀರು. ಕತ್ತಿಯನ್ನು ಪೂರ್ತಿ ಮಲಗಿಸಿ, ಮಗುವಿನ ಬೆನ್ನು ತಟ್ಟುವಷ್ಟೇ ಭಾರ ಕೊಟ್ಟು, ಹೋಗಿ ಹೊರಳಿ ಬಂದು ಹೊರಳಿ. ಕಲ್ಲಿನ ಮೇಲೆ ನೀರು ಬಾಯಿಯ ಮುಂದೆ ತೆಳ್ಳಗೆ ಗೆರೆಯಾಗಿ ಸರಿಯುತ್ತಿತ್ತು. ಮಗ ಎರಡು ತಲೆ ಮುಗಿಸುವಷ್ಟು ಹೊತ್ತು ಹಿಡಿಯಿತು. ಆಮೇಲೆ ಅಂಗೈಗೇ ಕತ್ತಿ ಎಳೆದರು, ಬೆನ್ನು ಮುಂದೆ ಮಾಡಿ, ಟಪ್ ಟಪ್ ಅಂತ.

"ಬೆಲ್ಟ್ ಬೇಡವಾ?" ಅಂದೆ.

"ಕೈ ಇದೆಯಲ್ಲ," ಅಂದರು. ಮಾವನ ಬೆಲ್ಟಿನ ನೆನಪಾಗಿ ಸುಮ್ಮನಾದೆ.

ಗಡ್ಡ ಅವರೇ ತೆಗೆಯುತ್ತಾರೆ ಅಂದುಕೊಂಡು ಕುರ್ಚಿಯಲ್ಲಿ ಕಣ್ಣು ಮುಚ್ಚಿದೆ. ಕತ್ತಿ ನನ್ನ ಕೈಗೆ ಬಂತು. ಕಿವಿಯ ಹತ್ತಿರ ಎರಡು ಬೆರಳಿಟ್ಟು ನನ್ನ ಕೆನ್ನೆಯ ಚರ್ಮವನ್ನು ಮೇಲಕ್ಕೆ ಎಳೆದು ಹಿಡಿದರು. "ಎಳೀಬೇಕಾದ್ದು ಚರ್ಮವನ್ನು. ಕತ್ತಿಯನ್ನಲ್ಲ. ಈಗ ಬಿಡಿ ಕೆಳಗೆ."

ಬಿಟ್ಟೆ. ಉರಿ ಇಲ್ಲ, ಕಿತ್ತದ್ದಿಲ್ಲ. ನೊರೆ ಒಂದು ಪಟ್ಟಿಯಾಗಿ ಎದ್ದು ಬಂತು, ಹಾಲಿನ ಕೆನೆ ಚಮಚಕ್ಕೆ ಬಂದ ಹಾಗೆ. ಮೂರು ತಿಂಗಳು ನಾನು ಮುಖಕ್ಕೆ ಹಿಡಿದದ್ದು ಕತ್ತಿಯನ್ನೇ ಅಲ್ಲ ಅಂತ ಅನಿಸಿತು. ಅಂಗಡಿಯಲ್ಲಿದ್ದ ನಾಲ್ಕೂ ಗಿರಾಕಿಗಳು ಮೊಬೈಲು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಕೆನ್ನೆ ಮುಗಿಯಿತು. ಗಲ್ಲದ ತಿರುವಿಗೆ ಬಂದೆ. ಬಾಗಿಲ ಹತ್ತಿರ ಪೇಪರು ಓದುತ್ತಿದ್ದ ಮಲಯಾಳಿ ಗಿರಾಕಿಯೊಬ್ಬರು ಕುತೂಹಲ ತಡೆಯದೆ ಕೇಳಿದರು, "ಮಾಷೇ, ಮೂರ್ಚ್ಚ ಉಂಡೋ?"

ಈ ಸಲ ನನಗೆ ಸರಿಯಾಗಿ ಅರ್ಥವಾಗಿತ್ತು. ಆ ಖುಷಿಗೆ "ಉಂಡು" ಅಂತ ಬಾಯಿ ತೆರೆದೆ.

ಹಿರಿಯರು ಅಷ್ಟು ಹೊತ್ತಿಗಾಗಲೇ ಪಟಿಕದ ತುಂಡನ್ನು ನೀರಿಗೆ ಅದ್ದಿ ಹಿಡಿದುಕೊಂಡಿದ್ದರು.