ಸತ್ಯಾಂಶ: ಅಣು ತಪಾಸಣೆ ಅಂದ್ರೆ ಡಬ್ಬಿ ಎಣಿಸಿ ಹೋಗೋದಲ್ಲ

ಕೊಪ್ಪಳದ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಂದೇಶ ಬಂತು: "ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯವರು ವರ್ಷಕ್ಕೊಮ್ಮೆ ಬಂದು ಡಬ್ಬಿ ಎಣಿಸಿ ಹೋಗ್ತಾರೆ. ಉಳಿದ ದಿನ ಏನು ಕದ್ದರೂ ಗೊತ್ತಾಗಲ್ಲ." ಇದು ತಪ್ಪು.

ಮಳೆಗಾಲದಲ್ಲಿ ನಾವು ಬೆಳಿಗ್ಗೆ ಎದ್ದ ಕೂಡಲೇ ತುಂಗಭದ್ರಾ ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ನೋಡ್ತೀವಿ ಅಲ್ವಾ? ಮೂರೂ ತಾಳೆಯಾಗಬೇಕು. ಬಿಟ್ಟ ನೀರಿಗಿಂತ ಜಾಸ್ತಿ ಇಳಿದರೆ ಪ್ರಶ್ನೆ ಏಳುತ್ತದೆ.

ಬಳಸಿದ ಅಣು ಇಂಧನ ಕರಗಿಸಿ, ಬಾಂಬಿಗೂ ಬಳಸಬಹುದಾದ ಪ್ಲುಟೋನಿಯಂ ಬೇರ್ಪಡಿಸುವ ದೊಡ್ಡ ಘಟಕದಲ್ಲೂ ಹೀಗೇ. ಟ್ಯಾಂಕಿನೊಳಗೆ ಬೇರೆ ಬೇರೆ ಆಳಕ್ಕೆ ಸಣ್ಣ ಕೊಳವೆ ಇಳಿಸಿ ನಿಧಾನಕ್ಕೆ ಗಾಳಿ ಬಿಡುತ್ತಾರೆ. ಗುಳ್ಳೆ ಹೊರಬರಲು ಎಷ್ಟು ಒತ್ತಡ ಬೇಕಾಯಿತು ಅನ್ನೋದರಿಂದ ದ್ರಾವಣದ ಮಟ್ಟ, ಸಾಂದ್ರತೆ ಎರಡೂ ತಿಳಿಯುತ್ತವೆ. ಹಗಲು ರಾತ್ರಿ ದಾಖಲಾಗುತ್ತಲೇ ಇರುತ್ತದೆ. ಒಂದು ಟ್ಯಾಂಕಿನಿಂದ ಹೊರಟದ್ದು ಇನ್ನೊಂದಕ್ಕೆ ಸೇರದಿದ್ದರೆ ತಪಾಸಣೆಯವರು ಕಾರಣ ಕೇಳುತ್ತಾರೆ.

ಬರೀ ವರ್ಷದ ಲೆಕ್ಕ ಸಾಲದು ಅನ್ನೋದು ಮಾತ್ರ ನಿಜ. ಜಪಾನಿನ ರೊಕ್ಕಾಶೊ ಘಟಕದ ಸಾಮರ್ಥ್ಯ ವರ್ಷಕ್ಕೆ 800 ಟನ್ ಇಂಧನ. ಅದರಲ್ಲಿ ಪ್ಲುಟೋನಿಯಂ ಸುಮಾರು 8 ಟನ್. ಅಳತೆಯಲ್ಲಿ ಶೇ 1ರಷ್ಟು ವ್ಯತ್ಯಾಸ ಬಂದರೂ 80 ಕೆಜಿ ಆಯಿತು. ಒಂದು ಬಾಂಬಿಗೆ ಸಾಕಾಗಬಹುದು ಎಂದು ಸಂಸ್ಥೆ ಲೆಕ್ಕ ಹಿಡಿದಿರುವುದು 8 ಕೆಜಿ! ಅದಕ್ಕೇ ದಿನದಿನದ ನಿಗಾ ಇಷ್ಟು ಮುಖ್ಯ ಅಂತ ನನಗನಿಸುತ್ತದೆ.

ಮೊಹರು, ಕ್ಯಾಮೆರಾ, ಲ್ಯಾಬಿಗೆ ಕಳಿಸುವ ಮಾದರಿ ಇವೆಲ್ಲ ಇದರ ಜೊತೆಗೇ ಇರುತ್ತವೆ. ಮಟ್ಟ ಗೊತ್ತಾದರೂ ಒಳಗೆ ಎಷ್ಟು ಪ್ಲುಟೋನಿಯಂ ಇದೆ ಅಂತ ತಿಳಿಯಲು ಆ ಮಾದರಿ ಬೇಕೇ ಬೇಕು.