ಚೀಲ ಬೈಂದಿಲ್ಲೆ, ಬಿಲ್ ಬೈಂದು

ಸಿರ್ಸಿಯ ಬಾಳೆನಾರಿನ ಚೀಲ ಲಂಡನ್ನಿಗೆ ಹೋಗುವುದು ಈಗ ದೊಡ್ಡ ಸುದ್ದಿಯಲ್ಲ. ಕೊಂಡವಳು ಊರ ಕಡೆಯವಳಾಗಿದ್ದರೆ ಆರ್ಡರ್ ಇಂಗ್ಲಿಷಿನಲ್ಲಿ ಬರುತ್ತದೆ, ಎಡವಟ್ಟಾದ ಕೂಡಲೇ ಮಾತು ಹವ್ಯಕ ಕನ್ನಡಕ್ಕೆ ಇಳಿಯುತ್ತದೆ: "ಅಕ್ಕಾ, ಚೀಲ ಬೈಂದಿಲ್ಲೆ, ಬಿಲ್ ಬೈಂದು. ಒಂಬೈನೂರಾ ಇಪ್ಪತ್ತು ಪೌಂಡಿಗೂ ಮೇಲೆ ತೆರಿಗೆ ಅಡ. ಎಂತ ಮಾಡವು?"

ಚೀಲ ಬಂದಿಲ್ಲ, ತೆರಿಗೆಯ ಬಿಲ್ ಬಂದಿದೆ ಎನ್ನುವವಳಿಗೆ, ಕಳಿಸಿದ ನಾವು ಸದ್ಯಕ್ಕೆ ಕಟ್ಟಬೇಡ ಎನ್ನಬೇಕು. ಆಮೇಲೆ ಇನ್‌ವಾಯ್ಸಿನ ಪ್ರತಿ ಹುಡುಕಬೇಕು. ಅದು ಅಡಿಕೆ ಮಂಡಿಯ ಪಟ್ಟಿಗಳ ಅಡಿಯಲ್ಲಿ ಎಲ್ಲೋ ಇರುತ್ತದೆ.

ನಾಲ್ಕು ಚೀಲ, ಒಂದಕ್ಕೆ 1,150, ಒಟ್ಟು 4,600. ಲೆಕ್ಕ ಸರಿಯೇ ಇದೆ. ತಪ್ಪಿರುವುದು ಪಕ್ಕದ ಸಣ್ಣ ಚೌಕದಲ್ಲಿ. ಲಂಡನ್ ವಿಳಾಸ ಹಾಕಿದಾಗ ಕರೆನ್ಸಿಯ ಜಾಗದಲ್ಲಿ ಪೌಂಡ್ ತಾನಾಗಿ ಬಂದು ಕೂತಿದೆ, ಅದನ್ನು ರೂಪಾಯಿಗೆ ಬದಲಿಸಿಲ್ಲ. ಬ್ರಿಟನ್ನಿನ ವ್ಯಾಟ್ (ನಮ್ಮ ಜಿಎಸ್‌ಟಿಯಂಥ ತೆರಿಗೆ) ಶೇ. 20. ಅಂದರೆ ಚೀಲದ ಪಾಲಿನ ತೆರಿಗೆ 920. ರೂಪಾಯಿಯಲ್ಲೂ 920, ಪೌಂಡಿನಲ್ಲೂ 920. ಪೌಂಡಿಗೆ 115 ರೂಪಾಯಿ ಎಂದು ಹಿಡಿದರೆ ಎರಡನೆಯದು 1,05,800 ರೂಪಾಯಿ. ಆ ದುಡ್ಡಿಗೆ ಅಂಥವೇ 92 ಚೀಲ ಬರುತ್ತವೆ. ಸಾಗಣೆ ವೆಚ್ಚ, ಕಸ್ಟಮ್ಸ್ ಸುಂಕ ಸೇರಿದ ಮೊತ್ತದ ಮೇಲೆ ವ್ಯಾಟ್ ಬೀಳುವುದರಿಂದ ಬಿಲ್ ಇನ್ನೂ ಉಬ್ಬುತ್ತದೆ.

ಇಲ್ಲಿ ಇನ್ನೊಂದು ಗೆರೆ ದಾಟಿ ಹೋಗಿರುತ್ತದೆ. 2021ರ ಜನವರಿ 1ರಿಂದ ಬ್ರಿಟನ್ನಿನಲ್ಲಿ, ಸಾಗಣೆ ಬಿಟ್ಟು 135 ಪೌಂಡಿನೊಳಗಿನ ಮಾಲಿಗೆ ವ್ಯಾಟನ್ನು ಮಾರುವಾಗಲೇ ವಸೂಲು ಮಾಡಬೇಕು. ಆನ್‌ಲೈನ್ ಮಾರಾಟತಾಣದ ಮೂಲಕ ಹೋದರೆ ಆ ಕೆಲಸ ತಾಣದ್ದೇ. ನಮ್ಮ ಚೀಲಗಳ ನಿಜವಾದ ಬೆಲೆ 40 ಪೌಂಡ್, ವ್ಯಾಟ್ 8 ಪೌಂಡ್. ಅದನ್ನು ಆ ತಂಗಿ ಆರ್ಡರ್ ದಿನವೇ ಮಾರಾಟತಾಣಕ್ಕೆ ಕೊಟ್ಟಾಗಿದೆ. ಈಗ ಬಂದಿರುವುದು ತಪ್ಪು ಬಿಲ್ ಮಾತ್ರವಲ್ಲ, ಎರಡನೇ ಬಿಲ್ ಕೂಡ.

ಕೊರಿಯರ್ ಕಂಪನಿಗೆ ಫೋನು ಮಾಡಿ ಗೋಳು ಹೇಳಿಕೊಂಡರೆ ಗಂಟಲು ಒಣಗೀತು, ಅಷ್ಟೆ. ಅವರಿಗೆ ಕಾಗದ ಬೇಕು. ತಿದ್ದಿದ ಇನ್‌ವಾಯ್ಸ್ (ಹಳೆಯ ಸಂಖ್ಯೆಯೇ ಇರಲಿ, 'ತಿದ್ದುಪಡಿ' ಎಂದು ಕಾಣುವಂತೆ ಬರೆದು ದಿನಾಂಕ ಹಾಕಿ), ಆರ್ಡರಿನ ಪ್ರತಿ, ದುಡ್ಡು ಬಂದದ್ದಕ್ಕೆ ದಾಖಲೆ, ಮಾರಾಟತಾಣದ ವ್ಯಾಟ್ ನೋಂದಣಿ ಸಂಖ್ಯೆ, ಎಲ್ಲ ಒಂದೇ ಮೇಲ್‌ನಲ್ಲಿ, ಟ್ರ್ಯಾಕಿಂಗ್ ಸಂಖ್ಯೆ ಸಮೇತ ಹೋಗಬೇಕು. ದುಡ್ಡಿನ ದಾಖಲೆಯೇ ಮುಖ್ಯ. ಹೊಸ ಇನ್‌ವಾಯ್ಸನ್ನು ಯಾರು ಬೇಕಾದರೂ ಟೈಪು ಮಾಡಬಹುದೆಂದು ಕಸ್ಟಮ್ಸಿನವರಿಗೂ ಗೊತ್ತು. ಗಿರಾಕಿಯೂ ತನ್ನ ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಆ ಒಂದು ಸಾಲನ್ನು ಅಲ್ಲಿಂದ ಕಳಿಸಿದರೆ ಕೆಲಸ ಬೇಗ ಆಗುತ್ತದೆ.

ಗಾಬರಿಯಲ್ಲಿ ಕಟ್ಟಿಬಿಟ್ಟಿದ್ದರೆ? ಬ್ರಿಟನ್ನಿನ ತೆರಿಗೆ ಇಲಾಖೆಯಿಂದ ದುಡ್ಡು ವಾಪಸು ಕೇಳಬೇಕು. ಕೊರಿಯರಿನಲ್ಲಿ ಹೋದದ್ದಕ್ಕೆ ಸಿ 285 ಅರ್ಜಿ, ಅಲ್ಲಿನ ಅಂಚೆ ರಾಯಲ್ ಮೇಲ್ ಮುಟ್ಟಿಸಿದ್ದಕ್ಕೆ ಬಿಒಆರ್ 286. ಅಂಚೆಯದಾದರೆ ಡಬ್ಬಿಯ ಮೇಲೆ ಅಂಟಿಸಿದ ಸುಂಕದ ಚೀಟಿ ಕೇಳುತ್ತಾರೆ. ಗಿರಾಕಿಗಳು ಚೀಲ ಇಟ್ಟುಕೊಂಡು ಡಬ್ಬಿಯನ್ನು ಅದೇ ಸಂಜೆ ಕಸಕ್ಕೆ ಹಾಕಿರುತ್ತಾರೆ. ಆದ್ದರಿಂದ "ಡಬ್ಬಿ ಬಿಸಾಡಡ" ಎಂಬ ಮೆಸೇಜು ಉಳಿದೆಲ್ಲಕ್ಕಿಂತ ಮುಂಚೆ ಹೋಗಲಿ.

ಈ ಗಲಾಟೆಯ ನಡುವೆ ಯಾರಾದರೂ ಒಬ್ಬ ಭಾವ ಬಾಯಿ ಹಾಕಿಯೇ ಹಾಕುತ್ತಾನೆ: "ಗಿಫ್ಟ್ ಹೇಳಿ ಬರದ್ರೆ ಆಗ್ತಿತ್ತಪ್ಪ!" ಆಗುವುದಿಲ್ಲ ಭಾವಾ. 39 ಪೌಂಡಿನ ಉಡುಗೊರೆ ವಿನಾಯಿತಿ ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ದುಡ್ಡು ತೆಗೆದುಕೊಳ್ಳದೆ ಕಳಿಸಿದ್ದಕ್ಕೆ ಮಾತ್ರ. ದುಡ್ಡು ಪಡೆದು ಗಿಫ್ಟ್ ಎಂದು ಬರೆದರೆ ಅದು ಸುಳ್ಳು ಘೋಷಣೆ. ಇಲ್ಲಿಯವರೆಗೆ ಬರೇ ಮರೆವು, ಅಲ್ಲಿಂದ ಮುಂದೆ ಅಪರಾಧ. ಅಮೆರಿಕದ ಭಾವನಾದರೆ, ಅಲ್ಲಿ 800 ಡಾಲರಿನೊಳಗಿನ ಪಾರ್ಸೆಲ್ಲಿಗಿದ್ದ ಹಳೆಯ ಸುಂಕ ವಿನಾಯಿತಿಯ ಮಾತನ್ನೂ ನಂಬಬೇಡಿ. ಅದನ್ನು 2025ರ ಆಗಸ್ಟ್ 29ರಿಂದ ತಡೆಹಿಡಿಯಲಾಯಿತು.

ಲಂಡನ್ ಸರಿಹೋಯಿತೆಂದು ಕವಳ ಹಾಕಿ ಕೂರುವ ಹಾಗಿಲ್ಲ. ಅದೇ ತಪ್ಪು ಇಲ್ಲಿನ ಕಸ್ಟಮ್ಸಿಗೆ ಕೊಟ್ಟ ರಫ್ತು ಬಿಲ್ಲಿನಲ್ಲೂ ಇರುತ್ತದೆ. ಅದರ ಪ್ರಕಾರ ನಿಮಗೆ ವಿದೇಶದಿಂದ 4,600 ಪೌಂಡ್ ಬರಬೇಕು. ಬಂದದ್ದು 40. ಮಿಕ್ಕ 4,560 ಎಲ್ಲಿ ಎಂದು ಬ್ಯಾಂಕಿನವರು ಒಂದಲ್ಲ ಒಂದು ದಿನ ಕೇಳುತ್ತಾರೆ, ಅದೂ ಅಡಿಕೆ ಕೊನೆಕೊಯ್ಲಿನ ನಡುವೆ. ಅಷ್ಟರೊಳಗೆ ರಫ್ತು ಬಿಲ್ಲಿಗೆ ತಿದ್ದುಪಡಿ ಕೇಳಿ, ಜಿಎಸ್‌ಟಿ ರಿಟರ್ನಿನಲ್ಲಿ ತೋರಿಸಿದ ರಫ್ತಿನ ಮೊತ್ತವನ್ನೂ ತಾಳೆ ನೋಡಬೇಕು.

ಗಿರಾಕಿಗೆ ತೊಂದರೆಯಾಯಿತೆಂದು ಮುಂದಿನ ಪಾರ್ಸೆಲ್ಲಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿಯೊಂದನ್ನು ಪುಕ್ಕಟೆ ಇಡುವ ಮನಸ್ಸಾಗುತ್ತದೆ. ಇಡಿ, ಆದರೆ ಇನ್‌ವಾಯ್ಸಿನಲ್ಲಿ ಅದಕ್ಕೆ ಬೇರೆ ಸಾಲು, ಬೇರೆ ಎಚ್ಎಸ್ ಕೋಡ್ (ಕಸ್ಟಮ್ಸಿಗೆ ಸರಕಿನ ಬಗೆ ತಿಳಿಸುವ ಸಂಖ್ಯೆ) ಬೇಕು. ಬ್ರಿಟನ್ನಿನಲ್ಲಿ ಬಹುಪಾಲು ಆಹಾರಕ್ಕೆ ವ್ಯಾಟ್ ಸೊನ್ನೆ. ಚೀಲದ ಜೊತೆ ಒಂದೇ ಸಾಲಿನಲ್ಲಿ 'ಕರಕುಶಲ ವಸ್ತು' ಎಂದು ಸೇರಿಸಿದರೆ ಮಿಡಿಗೂ ಶೇ. 20 ಬೀಳಬಹುದು. ಪುಕ್ಕಟೆಯದೆಂದು ಬೆಲೆಯ ಜಾಗದಲ್ಲಿ ಸೊನ್ನೆ ಹಾಕಬೇಡಿ, ಅಂಗಡಿಯ ದರ ಬರೆಯಿರಿ. ರೂಪಾಯಿಯಲ್ಲಿ. ತುಪ್ಪದ ಡಬ್ಬಿಯ ಯೋಚನೆ ಮಾತ್ರ ಬಿಡಿ, ಇಲ್ಲಿಂದ ಹೀಗೆ ಪಾರ್ಸೆಲ್ಲಿನಲ್ಲಿ ಹೋದ ಹಾಲಿನ ಉತ್ಪನ್ನವನ್ನು ಅಲ್ಲಿ ಒಳಗೇ ಬಿಡುವುದಿಲ್ಲ.